ಅಣ್ಣನ ಪಾಲಿಗೆ ಒಬ್ಬ ವಕೀಲರು: ದುಡ್ಡು ಯಾರು ಕೊಡುತ್ತಾರೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ನನ್ನ ಮೂರನೇ ಅಣ್ಣನಿಗೆ ಇಪ್ಪತ್ತು ವರ್ಷದಿಂದ ಸ್ಕಿಜೋಫ್ರೇನಿಯಾ. ಮಾತ್ರೆ ತಪ್ಪಿಸದಿದ್ದರೆ ಚೆನ್ನಾಗಿರುತ್ತಾನೆ. ಕೊನೆ ಕೊಯ್ಲಿನ ಹೊತ್ತಿಗೆ ಎಲ್ಲರ ಜೊತೆ ಅಡಿಕೆ ಸುಲಿಯೋದಕ್ಕೂ ಕೂರುತ್ತಾನೆ. ಅಪ್ಪ ತೀರಿಕೊಂಡ ಮೇಲೆ ದೊಡ್ಡಣ್ಣಂದಿರಿಬ್ಬರು ತೋಟದಲ್ಲಿ ಅವನ ಪಾಲನ್ನು ಬರೆಸಿಕೊಳ್ಳಲು ಹೊರಟಿದ್ದಾರೆ. ಮೂರು ವಾರದ ಹಿಂದೆ ಅವನನ್ನು ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದರು. ಫೋನ್ ಮಾಡಿದರೆ ಅವನ ಕೈಗೆ ಕೊಡುವುದಿಲ್ಲ. ಕೇಳಿದರೆ, ‘ಅವನಿಗೆ ತಲೆ ಸರಿಯಿಲ್ಲ, ಅವನ ಗಾರ್ಡಿಯನ್ ನಾವೇ’ ಅನ್ನುತ್ತಾರೆ. ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗ, ಅಲ್ಲಿ ಇಂಥವರ ಪರ ನಿಲ್ಲುವ ವಕೀಲರಿಗೆ ಸರ್ಕಾರವೇ ಹಣ ಕೊಡುತ್ತದೆ ಅಂತಾನೆ. ನಮ್ಮಲ್ಲಿ ಹಾಗೇನಾದರೂ ಇದೆಯಾ? ವಕೀಲರಿಗೆ ಕೊಡಲು ನನ್ನ ಹತ್ತಿರ ದುಡ್ಡಿಲ್ಲ.

ಉತ್ತರ: ಇದೆ. ನೀವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಆದರೆ ನಿಮ್ಮ ಚಿಕ್ಕಮ್ಮನ ಮಗ ಹೇಳಿದ್ದಕ್ಕೂ ನಮ್ಮಲ್ಲಿ ಇರುವುದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಯಾಕಂದ್ರೆ ನೀವು ಈ ವಾರ ಏನು ಮಾಡಬೇಕು ಅನ್ನೋದು ಅದರ ಮೇಲೇ ನಿಂತಿದೆ.

ಅಮೆರಿಕದಲ್ಲಿ 1986ರಲ್ಲಿ ಒಂದು ಕಾನೂನು ಬಂತು. ಮಾನಸಿಕ ಕಾಯಿಲೆ ಇರುವವರ ರಕ್ಷಣೆಗೆ ಅಂತಲೇ ಪ್ರತಿ ರಾಜ್ಯದಲ್ಲೂ ಒಂದು ಸಂಸ್ಥೆಗೆ ಅಲ್ಲಿನ ಕೇಂದ್ರ ಸರ್ಕಾರ ವರ್ಷ ವರ್ಷ ಹಣ ಕೊಡುತ್ತದೆ. ಚಿಕಿತ್ಸೆ ಕೊಡುವವರು ಆ ಸಂಸ್ಥೆ ನಡೆಸುವಂತಿಲ್ಲ. ಅದರ ಸಿಬ್ಬಂದಿ ಆಸ್ಪತ್ರೆಯ ವಾರ್ಡಿಗೆ ಹೋಗಿ ರೋಗಿಗಳನ್ನು ಮಾತಾಡಿಸಬಹುದು. ಹಿಂಸೆಯ ಅನುಮಾನ ಬಂದರೆ ದಾಖಲೆ ತರಿಸಿ ನೋಡಬಹುದು. ಸರ್ಕಾರದ್ದೇ ಆಸ್ಪತ್ರೆಯಲ್ಲಿ ಅನ್ಯಾಯ ಆಗಿದ್ದರೆ ಸರ್ಕಾರದ ಮೇಲೇ ಕೇಸು ಹಾಕಬಹುದು. ಅಂದರೆ ಅಲ್ಲಿ ಹಣ ಬರುವುದು ಕಾವಲಿಗೆ. ಯಾರೂ ದೂರು ಕೊಡದಿದ್ದರೂ ಹೋಗಿ ನೋಡುವ ಕೆಲಸಕ್ಕೆ.

ನಮ್ಮಲ್ಲಿ ಹಣ ಬರುವುದು ಅರ್ಜಿಗೆ.

ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕು ಅನ್ನುವ 39ಎ ವಿಧಿ 1976ರಲ್ಲಿ ಸಂವಿಧಾನಕ್ಕೆ ಸೇರಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಆಯಿತು, 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರಡಿ ರಾಷ್ಟ್ರ, ರಾಜ್ಯ, ಜಿಲ್ಲೆ ಮೂರೂ ಮಟ್ಟದಲ್ಲಿ ಕಾನೂನು ನೆರವು ನಿಧಿ ಇದೆ. ಸರ್ಕಾರ ಅದಕ್ಕೆ ಹಣ ಹಾಕುತ್ತದೆ, ಖರ್ಚು ಮಾಡುವುದು ನ್ಯಾಯಾಧೀಶರು ಮುಂದೆ ನಿಂತು ನಡೆಸುವ ಪ್ರಾಧಿಕಾರ. ಶಿವಮೊಗ್ಗದಲ್ಲಿ ಜಿಲ್ಲಾ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಹಾಗಾಗಿ ಸರ್ಕಾರಿ ಇಲಾಖೆಯ ವಿರುದ್ಧವೇ ನೆರವು ಬೇಕಿದ್ದರೂ ಹಿಂಜರಿಯಬೇಕಾಗಿಲ್ಲ. ವಕೀಲರ ಶುಲ್ಕ, ಕೋರ್ಟ್ ಫೀ, ನೋಟಿಸ್ ಖರ್ಚು, ದಾಖಲೆಗಳ ನಕಲು, ಎಲ್ಲವೂ ಅದರಲ್ಲೇ ಬರುತ್ತದೆ.

ಆದರೆ ಈ ದುಡ್ಡು ಹೊರಡಬೇಕಾದರೆ ಯಾರಾದರೂ ಒಂದು ಹಾಳೆ ಬರೆದು ಕೊಡಬೇಕು. ಬೀಗ ಹಾಕಿದ ಕೋಣೆಯಲ್ಲಿರುವವರು ಎಲ್ಲಿಂದ ಬರೆಯುತ್ತಾರೆ, ಅಲ್ವಾ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥದ್ದೇ ಒಂದು ಖಾಸಗಿ ಕೇಂದ್ರಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಅವರಿಗೆ ಓಡಲು ಆಗಲಿಲ್ಲ. ಉಚಿತ ಕಾನೂನು ನೆರವು ಆಗಲೂ ಜಾರಿಯಲ್ಲಿತ್ತು. ಸುಪ್ರೀಂ ಕೋರ್ಟ್ ತಾನಾಗಿ ಕೇಸು ಕೈಗೆತ್ತಿಕೊಂಡಿದ್ದು ಎಲ್ಲ ಮುಗಿದ ಮೇಲೆ.

ಈ ಕೊರತೆ ಪ್ರಾಧಿಕಾರದವರಿಗೂ ಗೊತ್ತು. ರಾಷ್ಟ್ರೀಯ ಪ್ರಾಧಿಕಾರ 2015ರಲ್ಲಿ ಮಾನಸಿಕ ಕಾಯಿಲೆ ಇರುವವರಿಗಾಗಿಯೇ ಒಂದು ಯೋಜನೆ ಮಾಡಿತು. 2024ರಲ್ಲಿ ಅದನ್ನು ಹೊಸದಾಗಿ ಬರೆದು, ‘ಮನೋನ್ಯಾಯ’ ಅನ್ನುವ ಹೆಸರಿನ ಘಟಕ ಇರಬೇಕು ಅಂತ ಹೇಳಿತು. ಪ್ಯಾನಲ್ ವಕೀಲರು (ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು), ಅರೆ ಕಾನೂನು ಸ್ವಯಂಸೇವಕರು (ಕಾನೂನಿನ ತರಬೇತಿ ಪಡೆದ, ವಕೀಲರಲ್ಲದ ಸಹಾಯಕರು) ಅದರಲ್ಲಿರುತ್ತಾರೆ. ಕಾಗದದ ಮೇಲೆ ಇದು ಅಮೆರಿಕದ ಮಾದರಿಗೆ ಒಂದು ಹೆಜ್ಜೆ ಹತ್ತಿರ. ನೀವು ಹೋದಾಗ ‘ಮನೋನ್ಯಾಯ ಘಟಕದವರು ಯಾರು?’ ಅಂತ ಹೆಸರು ಹಿಡಿದೇ ಕೇಳಿ. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಕಚೇರಿಯಲ್ಲೂ ಅದು ಜೀವಂತ ಇರುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮಗೆ ಉಚಿತ ವಕೀಲರು ಸಿಗಲು ಕಾರಣ ಒಂದಲ್ಲ, ಮೂರು ನಾಲ್ಕು ಇವೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಅಂಗವೈಕಲ್ಯ ಇರುವವರಿಗೆ ನೆರವು ಸಿಗುತ್ತದೆ. ಮಾನಸಿಕ ಆಸ್ಪತ್ರೆಯಲ್ಲಿ ಬಂಧನದಲ್ಲಿ ಇರುವವರಿಗೆ ಸಿಗುತ್ತದೆ. ಮಹಿಳೆಯರಿಗೆ ಸಿಗುತ್ತದೆ, ಅಂದರೆ ನಿಮಗೇ ಸಿಗುತ್ತದೆ. ಈ ಮೂರಕ್ಕೂ ಆದಾಯ ಮಿತಿ ಇಲ್ಲ. ‘ಆದಾಯ ಪ್ರಮಾಣಪತ್ರ ತನ್ನಿ’ ಅಂತ ಯಾರಾದರೂ ವಾಪಸ್ ಕಳಿಸಿದರೆ 12ನೇ ಕಲಂ ಓದಿ ಅನ್ನಿ. ಇದೆಲ್ಲದರ ಮೇಲೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 27ನೇ ಕಲಂ ಇದೆ. ಆ ಕಾಯ್ದೆ ಕೊಟ್ಟ ಯಾವುದೇ ಹಕ್ಕಿಗಾಗಿ ನಿಮ್ಮ ಅಣ್ಣನಿಗೆ ಉಚಿತ ವಕೀಲರು ಸಿಗಬೇಕು. ‘ನಿನಗೆ ಇಂಥ ಸೌಲಭ್ಯ ಇದೆ, ಇಲ್ಲಿ ವಿಚಾರಿಸು’ ಅಂತ ಅವನಿಗೆ ತಿಳಿಸುವುದು ಆ ಕೇಂದ್ರದ ವೈದ್ಯಾಧಿಕಾರಿಯ ಕರ್ತವ್ಯ. ಪೊಲೀಸರ, ಮ್ಯಾಜಿಸ್ಟ್ರೇಟರ ಕರ್ತವ್ಯವೂ ಹೌದು. ನಿಮ್ಮ ಅಣ್ಣನಿಗೆ ಯಾರೂ ಹೇಳಿರಲಿಕ್ಕಿಲ್ಲ ಅನ್ನೋದು ನನ್ನ ಊಹೆ.

ಹೊಸನಗರದ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಅಲ್ಲೇ ಅರ್ಜಿ ಕೊಡಬಹುದು. ನಾನಾದರೆ ಸೀದಾ ಶಿವಮೊಗ್ಗದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ ಅನ್ನುತ್ತೇನೆ. ಇಂಥ ಕೇಸಿಗೆ ಮೆಗ್ಗಾನ್ ಆಸ್ಪತ್ರೆ, ಜಿಲ್ಲಾ ಆರೋಗ್ಯಾಧಿಕಾರಿ, ಪೊಲೀಸ್, ಎಲ್ಲ ಕಡೆ ಪತ್ರ ಹೋಗಬೇಕಾಗುತ್ತದೆ. ಅಲ್ಲಿಂದ ಹೋದರೆ ಬೇಗ. ಮಳೆಗೆ ಬಸ್ ಇಲ್ಲ ಅನ್ನುವ ದಿನವಾದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ನೆರವಿನ ಸಹಾಯವಾಣಿ. ಆದರೂ ಬರೆದು ಕೊಟ್ಟ ಕಾಗದಕ್ಕಿರುವ ತೂಕ ಫೋನಿಗಿಲ್ಲ.

ಅರ್ಜಿಗೆ ಬಿಳಿ ಹಾಳೆ ಸಾಕು. ಕತೆ ಹೇಳಲು ಹೋಗಬೇಡಿ, ಇಷ್ಟು ಬರೆಯಿರಿ: ‘ನನ್ನ ಅಣ್ಣ ಇಂಥವರು, ವಯಸ್ಸು ಇಷ್ಟು. ಇಂಥ ದಿನಾಂಕದಿಂದ ಇಂಥ ಕೇಂದ್ರದಲ್ಲಿ ಇರಿಸಲಾಗಿದೆ. ನಮ್ಮ ಜೊತೆ ಮಾತಾಡಲು ಬಿಡುತ್ತಿಲ್ಲ. ಆಸ್ತಿಯ ಪತ್ರಗಳಿಗೆ ಒತ್ತಾಯದಿಂದ ಸಹಿ ಹಾಕಿಸುವ ಭಯ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 27ನೇ ಕಲಂ ಪ್ರಕಾರ ಅವರಿಗೆ ವಕೀಲರನ್ನು ನೇಮಿಸಬೇಕು. ಪ್ಯಾನಲ್ ವಕೀಲರು ಅಥವಾ ಅರೆ ಕಾನೂನು ಸ್ವಯಂಸೇವಕರು ಕೇಂದ್ರಕ್ಕೆ ಹೋಗಿ ಅವರನ್ನು ಖುದ್ದಾಗಿ ಕಂಡು ವರದಿ ಕೊಡಬೇಕು.’ ಆ ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಹೋಗಿ ನೋಡಿ ಬರುವ ಕೆಲಸ ನಮ್ಮಲ್ಲಿ ತಾನಾಗಿ ಆಗುವುದಿಲ್ಲ ಅಂದೆನಲ್ಲ, ಅದನ್ನು ಬರವಣಿಗೆಯಲ್ಲಿ ಕೇಳಿ ಮಾಡಿಸಬೇಕು. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ. ಅರ್ಜಿಯ ಬಗ್ಗೆ 7 ದಿನದೊಳಗೆ ತೀರ್ಮಾನ ಆಗಬೇಕು ಅಂತ ನಿಯಮ ಇದೆ. ಪ್ಯಾನಲಿನಲ್ಲಿ ನಿಮಗೆ ನಂಬಿಕೆ ಇರುವ ವಕೀಲರಿದ್ದರೆ ಹೆಸರು ಹೇಳಿ ಕೇಳಬಹುದು.

ಕೇಂದ್ರದ ವಿಚಾರದಲ್ಲಿ ದಿನದ ಲೆಕ್ಕ ಮುಖ್ಯ. ವಯಸ್ಕರನ್ನು ಮಾನಸಿಕ ಚಿಕಿತ್ಸೆಗೆ ಸೇರಿಸಲು ಮುಖ್ಯವಾಗಿ ಎರಡು ದಾರಿ. ಒಂದು, ಅವರೇ ಒಪ್ಪಿ ಸೇರುವುದು. ಹಾಗೆ ಸೇರಿದವರು ಹೊರಡುತ್ತೇನೆ ಅಂದರೆ ಬಿಡಬೇಕು. ಪರೀಕ್ಷೆಗೆ ಅಂತ ಹೆಚ್ಚೆಂದರೆ 24 ಗಂಟೆ ಇಟ್ಟುಕೊಳ್ಳಬಹುದು. ಇನ್ನೊಂದು, ಕಾಯಿಲೆ ತೀರಾ ಜಾಸ್ತಿಯಾಗಿ ಪ್ರಾಣಕ್ಕೋ ಬೇರೆಯವರಿಗೋ ಅಪಾಯ ಇರುವಾಗ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರುವಾಗ, 2017ರ ಅದೇ ಕಾಯ್ದೆಯ 89ನೇ ಕಲಂ ಪ್ರಕಾರ ಸೇರಿಸುವುದು. ಅದಕ್ಕೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಸೇರಿಸಿದ 7 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ (ಇಂಥ ದಾಖಲಾತಿ ಸರಿಯೇ ಅಂತ ನೋಡುವ ಮಂಡಳಿ) ವರದಿ ಹೋಗಿರಬೇಕು. ಸೇರಿದವರು ಹೆಂಗಸಾಗಿದ್ದರೆ 3 ದಿನ. 30 ದಿನಕ್ಕೆ ಆ ಅವಧಿ ಮುಗಿಯುತ್ತದೆ. ಆಮೇಲೂ ಇಟ್ಟುಕೊಳ್ಳಬೇಕಾದರೆ 90ನೇ ಕಲಂ ಪ್ರಕಾರ ಇಬ್ಬರು ಮನೋವೈದ್ಯರು ಪರೀಕ್ಷೆ ಮಾಡಬೇಕು, ಮಂಡಳಿಯ ಒಪ್ಪಿಗೆ ಬೇಕು.

ನಿಮ್ಮ ಅಣ್ಣನಿಗೆ ಮೂರು ವಾರ ಆಗಿದೆ. ಹಾಗಾಗಿ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ: ಮಂಡಳಿಗೆ ಕಳಿಸಿದ ವರದಿ ಎಲ್ಲಿ? ವರದಿ ಇಲ್ಲ, ಅವನೇ ಒಪ್ಪಿ ಸೇರಿದ್ದಾನೆ ಅಂದರೆ, ಹಾಗಾದರೆ ಅವನನ್ನು ಕರೆದು ಕೇಳಿ ಅನ್ನಬಹುದು. ಕೇಂದ್ರಕ್ಕೆ ನೋಂದಣಿಯೇ ಇಲ್ಲ ಅಂದರೆ ಅದು ಬೇರೆಯೇ ಅಪರಾಧ. ಜಿಲ್ಲಾ ಆರೋಗ್ಯಾಧಿಕಾರಿಗೂ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೂ ದೂರು ಹೋಗಬೇಕು. ‘ಪುನರ್ವಸತಿ ಕೇಂದ್ರ’, ‘ಆಶ್ರಮ’ ಅಂತ ಬೋರ್ಡು ಹಾಕಿಕೊಂಡ ಮಾತ್ರಕ್ಕೆ ಕಾನೂನು ಹೊರಗೆ ನಿಲ್ಲುವುದಿಲ್ಲ. ಸರಪಳಿ ಹಾಕುವುದಂತೂ ಎಲ್ಲೇ ಆಗಲಿ, ಯಾವ ರೀತಿಯಲ್ಲೇ ಆಗಲಿ, 95ನೇ ಕಲಂ ಪ್ರಕಾರ ನಿಷೇಧ.

ಫೋನ್ ಕೊಡದೇ ಇರೋದೂ ತಪ್ಪೇ. ಫೋನ್ ಮಾಡುವುದು, ಬಂದವರನ್ನು ನೋಡುವುದು ಅಥವಾ ನೋಡುವುದಿಲ್ಲ ಅನ್ನುವುದು, ಇದೆಲ್ಲ ರೋಗಿಯ ಹಕ್ಕು.

ಇಲ್ಲಿ ಒಂದು ತೊಡಕಿದೆ. ಮಂಡಳಿಗೆ ಅರ್ಜಿ ಹಾಕಬಹುದಾದವರು ಅಣ್ಣ, ಅವನ ‘ನಾಮನಿರ್ದೇಶಿತ ಪ್ರತಿನಿಧಿ’ (ಚಿಕಿತ್ಸೆಯ ವಿಷಯದಲ್ಲಿ ಅವನ ಪರ ನಿಲ್ಲುವವರು), ಅಥವಾ ಅವನ ಒಪ್ಪಿಗೆ ಪಡೆದ ನೋಂದಾಯಿತ ಸಂಸ್ಥೆ. ತಂಗಿ ಅನ್ನುವ ಕಾರಣಕ್ಕಷ್ಟೇ ನಿಮಗೆ ಆ ಅಧಿಕಾರ ಇಲ್ಲ. ದೊಡ್ಡಣ್ಣಂದಿರು ‘ಗಾರ್ಡಿಯನ್’ ಅಂತಿರುವುದು ಬಹುಶಃ ಈ ಪ್ರತಿನಿಧಿಯ ಜಾಗದಲ್ಲಿ ಸಹಿ ಹಾಕಿದ್ದನ್ನೇ ಇರಬೇಕು. ಆದರೆ 14ನೇ ಕಲಂ ಏನು ಹೇಳುತ್ತದೆ ನೋಡಿ: ತನ್ನ ಪ್ರತಿನಿಧಿ ಯಾರು ಅಂತ ವಯಸ್ಕ ವ್ಯಕ್ತಿ ತಾನೇ ಆರಿಸಬಹುದು. ಸಾದಾ ಕಾಗದದಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಆಯಿತು. ಸ್ಟ್ಯಾಂಪ್ ಪೇಪರ್ ಬೇಡ, ನೋಟರಿ ಬೇಡ. ಮೊದಲು ಆರಿಸಿದವರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಹಾಗಾಗಿ ವಕೀಲರು ಅಣ್ಣನನ್ನು ಕಾಣಲು ಹೋದಾಗ ಚೀಲದಲ್ಲಿ ಒಂದು ಬಿಳಿ ಹಾಳೆ ಇರಲಿ. ‘ನನ್ನ ತಂಗಿ ನನ್ನ ಪ್ರತಿನಿಧಿ’ ಅಂತ ಅವನು ಬರೆದು ಸಹಿ ಹಾಕಿದರೆ ನಿಮ್ಮ ಕೈಗೆ ಅಧಿಕಾರ ಬರುತ್ತದೆ. ಅವನು ಬೇಡ ಅಂದರೆ ಬಿಡಬೇಕು, ಅದೂ ಅವನ ಇಷ್ಟವೇ.

ಮಂಡಳಿಗೆ ಅರ್ಜಿ ಹಾಕಲು ಶುಲ್ಕ ಇಲ್ಲ. 89ನೇ ಕಲಂ ದಾಖಲಾತಿಯನ್ನು ಪ್ರಶ್ನಿಸಿದ್ದರೆ 7 ದಿನದಲ್ಲಿ ತೀರ್ಮಾನ ಆಗಬೇಕು. ವಿಚಾರಣೆ ಗುಟ್ಟಾಗಿ ನಡೆಯುತ್ತದೆ, ಊರಿಗೆಲ್ಲ ಗೊತ್ತಾಗುವ ಭಯ ಬೇಡ. ತೀರ್ಪು ಸರಿ ಕಾಣದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಮಂಡಳಿಯ ಕೆಲಸ ನಿಧಾನ ಅನ್ನಿಸಿದರೆ, ಅಣ್ಣನನ್ನು ಕಾಣಲೂ ಬಿಡುತ್ತಿಲ್ಲ ಅಂದರೆ, ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಅಕ್ರಮವಾಗಿ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಬೇಕು ಅಂತ ಕೇಳುವ ಅರ್ಜಿ) ಹಾಕುವುದೇ ಸರಿ. ಶಿವಮೊಗ್ಗ ಜಿಲ್ಲೆಗೆ ಬೆಂಗಳೂರಿನ ಪೀಠ, ಧಾರವಾಡ ಅಲ್ಲ. ಅಲ್ಲೂ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ಇದೆ, ವಕೀಲರನ್ನು ಅವರೇ ಕೊಡುತ್ತಾರೆ.

ಇನ್ನು ತೋಟದ ಮಾತು. ನಿಮ್ಮ ಪತ್ರದ ನಿಜವಾದ ಗಂಟು ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ನಾಮನಿರ್ದೇಶಿತ ಪ್ರತಿನಿಧಿಗೆ ಇರುವ ಅಧಿಕಾರ ಚಿಕಿತ್ಸೆಯ ವಿಷಯದಲ್ಲಿ ಮಾತ್ರ. ಅಡಿಕೆ ಮರದ ಒಂದು ಸೋಗೆ ಮೇಲೂ ಅವರಿಗೆ ಹಕ್ಕಿಲ್ಲ. ವಯಸ್ಕರೊಬ್ಬರ ಆಸ್ತಿಗೆ ಗಾರ್ಡಿಯನ್ ಅಂತ ಅಣ್ಣಂದಿರು ತಾವೇ ಹೇಳಿಕೊಳ್ಳಲು ಬರುವುದಿಲ್ಲ, ತಹಶೀಲ್ದಾರರೂ ಮಾಡಲು ಬರುವುದಿಲ್ಲ. ಕೆಲವರು ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಸಮಿತಿಯಿಂದ ಗಾರ್ಡಿಯನ್ ಪತ್ರ ತರುತ್ತೇವೆ ಅನ್ನುತ್ತಾರೆ. ಆ ಕಾಯ್ದೆ ಇರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯಕ್ಕೆ. ಸ್ಕಿಜೋಫ್ರೇನಿಯಾ ಅದರಲ್ಲಿ ಬರುವುದಿಲ್ಲ. 1987ರ ಹಳೇ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ವ್ಯವಸ್ಥೆ ಮಾಡುವ ಅವಕಾಶ ಇತ್ತು. 2017ರ ಕಾಯ್ದೆಯಲ್ಲಿ ಆ ಅಧ್ಯಾಯವನ್ನೇ ಕೈಬಿಟ್ಟರು. ಪ್ರಾಮಾಣಿಕವಾಗಿ ನೋಡಿಕೊಳ್ಳುವ ಕುಟುಂಬಗಳಿಗೆ ಇದರಿಂದ ತುಂಬಾ ತೊಂದರೆಯಾಗಿದೆ, ಅದು ಬೇರೆ ಮಾತು. ನಿಮ್ಮ ಮಟ್ಟಿಗೆ ಇದರಿಂದ ಅನುಕೂಲವೇ ಆಗಿದೆ.

ಮತ್ತೆ, ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ಥಿಮಿತ ಇಲ್ಲ ಅಂತ ಅರ್ಥ ಅಲ್ಲ. ಹಾಗೆ ಹೇಳಬೇಕಾದ್ದು ಕೋರ್ಟು, ಅದನ್ನು 2017ರ ಕಾಯ್ದೆಯ 3ನೇ ಕಲಮಿನಲ್ಲೇ ಬರೆದಿದ್ದಾರೆ. ಈಗ ನಿಮ್ಮ ದೊಡ್ಡಣ್ಣಂದಿರ ವಾದ ನೋಡಿ. ಅವನಿಗೆ ತಲೆ ಸರಿಯಿಲ್ಲ ಅನ್ನುತ್ತಾರೆ. ಹಾಗಿದ್ದರೆ 1872ರ ಕರಾರು ಕಾಯ್ದೆ ಪ್ರಕಾರ ಅವನು ಸಹಿ ಹಾಕಿದ ಹಕ್ಕು ಬಿಡುಗಡೆ ಪತ್ರಕ್ಕೆ ಬೆಲೆಯೇ ಇಲ್ಲ. ಇಲ್ಲ, ಸಹಿ ಹಾಕುವಾಗ ಸರಿಯಾಗಿದ್ದ ಅನ್ನುತ್ತಾರಾ? ಸರಿಯಾಗಿದ್ದವನನ್ನು ಬೀಗ ಹಾಕಿ ಇಟ್ಟಿದ್ದೇಕೆ ಅಂತ ಜಡ್ಜ್ ಕೇಳುತ್ತಾರೆ. ಕಾಯಿಲೆಯಿಂದ ಮನಸ್ಸು ಸೋತಿರುವವರ ಮೇಲೆ ಒತ್ತಡ ಹಾಕಿ ಬರೆಸಿಕೊಂಡದ್ದನ್ನು ರದ್ದು ಮಾಡಿಸಬಹುದು ಅಂತಲೂ ಅದೇ ಕಾಯ್ದೆಯಲ್ಲಿದೆ. ಎತ್ತ ಹೋದರೂ ಅವರು ಅಡಕತ್ತರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಆದರೆ ಪತ್ರ ನೋಂದಣಿ ಆದ ಮೇಲೆ ರದ್ದು ಮಾಡಿಸುವುದು ವರ್ಷಗಟ್ಟಲೆಯ ಕೆಲಸ. ಮೊದಲೇ ತಡೆಯುವುದು ಜಾಣತನ. ನಾಡಕಚೇರಿಗೆ ಹೋಗಿ ಅಪ್ಪನ ಪೌತಿ ಖಾತೆಗೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಮಾಡುವುದು) ಅರ್ಜಿ ಬಿದ್ದಿದೆಯಾ ಅಂತ ವಿಚಾರಿಸಿ. ಬಿದ್ದಿದ್ದರೆ ಅದರ ಜೊತೆ ಕೊಟ್ಟ ವಂಶವೃಕ್ಷದ ನಕಲು ತೆಗೆಸಿ. ಅಣ್ಣನ ಹೆಸರು ಇದೆಯಾ, ನಿಮ್ಮ ಹೆಸರು ಇದೆಯಾ ನೋಡಿ. ಮಲೆನಾಡಿನಲ್ಲಿ ಹೆಣ್ಣುಮಕ್ಕಳ ಹೆಸರು, ‘ಅವನಿಗೆ ಸರಿಯಿಲ್ಲ’ ಅನ್ನಿಸಿಕೊಂಡವರ ಹೆಸರು ವಂಶವೃಕ್ಷದಿಂದಲೇ ಮಾಯವಾಗೋದು ಹೊಸದೇನಲ್ಲ. ಇಲ್ಲದಿದ್ದರೆ ತಹಶೀಲ್ದಾರರಿಗೆ ತಕ್ಷಣ ತಕರಾರು ಅರ್ಜಿ ಕೊಡಿ. ತಕರಾರು ಬಿದ್ದರೆ ಅವರು ವಿಚಾರಣೆ ಮಾಡದೆ ಖಾತೆ ಬದಲಿಸುವಂತಿಲ್ಲ.

ಉಪನೋಂದಣಾಧಿಕಾರಿಗೂ ಒಂದು ಪತ್ರ ಕೊಡಿ. ಸಹಿ ಹಾಕುವವರು ಬುದ್ಧಿ ಸ್ಥಿಮಿತದಲ್ಲಿ ಇಲ್ಲ ಅಂತ ಕಂಡರೆ ನೋಂದಣಿ ನಿರಾಕರಿಸಬೇಕು ಅಂತ ನೋಂದಣಿ ಕಾಯ್ದೆಯ 35ನೇ ಕಲಂ ಹೇಳುತ್ತದೆ. ಈಗ ಜಿಲ್ಲೆಯೊಳಗೆ ಯಾವ ಕಚೇರಿಯಲ್ಲಿ ಬೇಕಾದರೂ ನೋಂದಣಿ ಮಾಡಿಸಬಹುದು. ಹೊಸನಗರದಲ್ಲಿ ಪತ್ರ ಕೊಟ್ಟು ಕೂತರೆ ಅವರು ಶಿಕಾರಿಪುರದಲ್ಲಿ ಕೆಲಸ ಮುಗಿಸಿಬಿಡಬಹುದು. ಅದಕ್ಕೇ ಶಿವಮೊಗ್ಗದ ಜಿಲ್ಲಾ ನೋಂದಣಾಧಿಕಾರಿಗೂ ಪ್ರತಿ ಹೋಗಲಿ. ಹಾಗಂತ ಈ ಪತ್ರವನ್ನೇ ನಂಬಿಕೊಂಡಿರಬೇಡಿ. ‘ಕೋರ್ಟಿನ ಸ್ಟೇ ತನ್ನಿ’ ಅಂತ ಹೇಳಿ ಕೈತೊಳೆದುಕೊಳ್ಳುವುದು ಇಂಥ ಕಚೇರಿಗಳ ರೂಢಿ.

ಗಟ್ಟಿ ರಕ್ಷಣೆ ಅಂದರೆ ಪಾಲು ಕೇಳಿ ನೀವೇ ದಾವೆ ಹಾಕಿ, ಅದರಲ್ಲಿ ತಡೆಯಾಜ್ಞೆ ಪಡೆಯುವುದು. ನೀವು ಪತ್ರದಲ್ಲಿ ಅಣ್ಣನ ಪಾಲಿನ ಬಗ್ಗೆ ಅಷ್ಟೇ ಬರೆದಿದ್ದೀರಿ. ನಿಮ್ಮ ಪಾಲು ಎಲ್ಲಿ ಹೋಯಿತು? ಪಿತ್ರಾರ್ಜಿತ ತೋಟದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅಪ್ಪ ಯಾವಾಗ ತೀರಿಕೊಂಡರು ಅನ್ನೋದು ಮುಖ್ಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಖಚಿತವಾಗಿ ಹೇಳಿದೆ. ಅಪ್ಪನ ಸ್ವಯಾರ್ಜಿತ ಆಗಿದ್ದು, ವಿಲ್ ಇಲ್ಲದಿದ್ದರೆ ಆಗಲೂ ನಿಮಗೆ ಪಾಲಿದೆ. ಆ ದಾವೆಗೂ ಉಚಿತ ವಕೀಲರು ಸಿಗುತ್ತಾರೆ. ಅಣ್ಣನನ್ನು ಅದರಲ್ಲಿ ಪಕ್ಷಗಾರ ಮಾಡಿ. ತನ್ನ ಹಿತ ತಾನೇ ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲ ಅಂತ ಕೋರ್ಟಿಗೆ ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ ಪ್ರಕಾರ ಅವನ ಪರ ಒಬ್ಬರನ್ನು ನೇಮಿಸುತ್ತದೆ. ಆ ಒಬ್ಬರು ದೊಡ್ಡಣ್ಣಂದಿರು ಆಗದ ಹಾಗೆ ನಿಮ್ಮ ವಕೀಲರು ನೋಡಿಕೊಳ್ಳಬೇಕು. ನೀವೂ ಪಾಲುದಾರರಾದ್ದರಿಂದ ನೀವೂ ಆಗದಿರುವುದು ಒಳ್ಳೆಯದು. ನಾಳೆ ‘ತಂಗಿಯೂ ಆಸ್ತಿಗಾಗಿಯೇ ಮಾಡಿದಳು’ ಅನ್ನುವ ಮಾತು ಬಾರದಿರಲಿ.

ಉಚಿತ ವಕೀಲರು ಅಂದರೆ ಹೇಗಿರುತ್ತಾರೋ ಅನ್ನುವ ಅನುಮಾನ ನಿಮಗೂ ಇರಬಹುದು. ಪ್ಯಾನಲಿನಲ್ಲಿ ಒಳ್ಳೆಯವರಿದ್ದಾರೆ, ಸುಮ್ನೆ ಹೆಸರಿಗೆ ಇರುವವರೂ ಇದ್ದಾರೆ. ಅವರಿಗೆ ಸಿಗುವ ಶುಲ್ಕ ಕಡಿಮೆ, ಅದೂ ಕೇಸಿನ ಲೆಕ್ಕದಲ್ಲಿ. ವಾರ್ಡಿನಲ್ಲಿ ಕೂತು ರೋಗಿಯ ಮಾತು ಕೇಳುವುದಕ್ಕೆ, ಫೈಲು ಓದುವುದಕ್ಕೆ ಅಂತ ಬೇರೆ ಬೆಲೆ ಕಟ್ಟಿದವರಿಲ್ಲ. ಸರ್ಕಾರ ನಿಜಕ್ಕೂ ಹಣ ಹಾಕಬೇಕಾದ್ದು ಇಲ್ಲಿ ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ಜಿಲ್ಲೆಗೆ ಒಬ್ಬರಾದರೂ ಪೂರ್ಣಾವಧಿಯವರು ಬೇಕು. ತಿಂಗಳಿಗೊಮ್ಮೆ ಪ್ರತಿ ಕೇಂದ್ರಕ್ಕೂ ಹೋಗಿ ದಾಖಲಾತಿ ಪುಸ್ತಕ ತೆರೆಸಿ ನೋಡುವವರು. ಅಪರಾಧ ಪ್ರಕರಣಗಳಿಗೆ 2022ರಿಂದ ಪೂರ್ಣಾವಧಿ ಕಾನೂನು ನೆರವು ವಕೀಲರನ್ನು ಜಿಲ್ಲೆಗಳಲ್ಲಿ ನೇಮಿಸಲು ಶುರು ಮಾಡಿದ್ದಾರೆ. ಆರೋಪಿಗೆ ಕೊಡಲು ಆಗುವುದಾದರೆ ರೋಗಿಗೆ ಯಾಕೆ ಆಗುವುದಿಲ್ಲ? ಈಗ ನಿಮ್ಮ ವಕೀಲರು ಫೋನ್ ಎತ್ತದಿದ್ದರೆ, ದುಡ್ಡು ಕೇಳಿದರೆ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಕೊಡಿ. ಅವರು ನ್ಯಾಯಾಧೀಶರು, ವಕೀಲರನ್ನು ಬದಲಾಯಿಸಿ ಕೊಡುತ್ತಾರೆ.

ಒಂದು ಕೆಲಸ ಬಾಕಿ ಇದೆ. ಅಣ್ಣನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದೀರಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸ್ವಂತ ಕೆಲಸ ಮಾಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು, ದುಡಿಮೆ, ಈ ನಾಲ್ಕನ್ನು ಅಳೆದು ವೈದ್ಯರು ಶೇಕಡಾವಾರು ಬರೆಯುತ್ತಾರೆ. 40 ಅಥವಾ ಅದಕ್ಕಿಂತ ಮೇಲಿದ್ದರೆ ಮಾಸಾಶನಕ್ಕೂ ದಾರಿಯಾಗುತ್ತದೆ. ಮುಂದೆ ಎಲ್ಲಿ ಕಾನೂನು ನೆರವು ಕೇಳಿದರೂ ಚರ್ಚೆ ಇರುವುದಿಲ್ಲ. ಪ್ರಮಾಣಪತ್ರದಲ್ಲಿ ಅಂಗವೈಕಲ್ಯದ ಪ್ರಮಾಣ ಇರುತ್ತದೆಯೇ ಹೊರತು ಬುದ್ಧಿ ಸ್ಥಿಮಿತ ಇಲ್ಲ ಅಂತ ಇರುವುದಿಲ್ಲ. ಹಾಗಾಗಿ ತೋಟದ ಕೇಸಿಗೆ ಇದರಿಂದ ಏಟು ಬೀಳುತ್ತದೆ ಅಂತ ಹೆದರಬೇಡಿ. ಅವನು ಹೊರಗೆ ಬಂದ ಮೇಲೆ ಮನೋಚೈತನ್ಯ ಕಾರ್ಯಕ್ರಮದ (ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಸರ್ಕಾರಿ ಕಾರ್ಯಕ್ರಮ) ಮಂಗಳವಾರ ನೋಡಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಪ್ಪತ್ತು ವರ್ಷದ ಮಾತ್ರೆ ಚೀಟಿಗಳಲ್ಲಿ ಎಷ್ಟು ಉಳಿದಿವೆಯೋ ಅಷ್ಟನ್ನೂ ಜೊತೆಗಿಟ್ಟುಕೊಳ್ಳಿ. ಅದಕ್ಕೂ ಮೊದಲು ಅವುಗಳದ್ದೊಂದು ಜೆರಾಕ್ಸ್ ಮಾಡಿಸಿ ವಕೀಲರ ಕೈಗೆ ಕೊಡಿ, ಮೂಲ ಪ್ರತಿ ಮಾತ್ರ ಯಾರಿಗೂ ಕೊಡಬೇಡಿ.